ದೂರದಲ್ಲಿದ್ದು ಕಲಿಯುವವರ ಬೆನ್ನು ತಟ್ಟುವುದು ಹೇಗೆ?



ಹೋದ ಸಂಚಿಕೆಗೆ ನಾನು ‘ಹುಣಸೆ ಮರದ ಉಪಯೋಗಗಳು’ ಎಂಬ ಪಾಠ ಬರೆದಿದ್ದೆ. ಈ ಸಲ ಬೇವಿನ ಮರ ಎಂದುಕೊಂಡಿದ್ದೆ. ಆದರೆ ನಮ್ಮ ಮನೆಯಲ್ಲಿ ಅಕ್ಕನ ಮೊಬೈಲಿನಲ್ಲಿ ಒಂದು ಸಂಗತಿ ನಡೆಯಿತು. ಇಲ್ಲಿ ಇದೇ ಗೋಡೆಯ ಮುಂದೆ ನಾನು ಒಂದು ತಪ್ಪು ಮಾಡಿದೆ. ಎರಡೂ ಒಂದೇ ಪಾಠದ ಎರಡು ಮಗ್ಗುಲು ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಬೇವಿನ ಮರ ಮುಂದಿನ ಸಲಕ್ಕೆ ಇರಲಿ.

ಇದರಲ್ಲಿರುವ ಹೊರದೇಶದ ಸಂಗತಿಗಳನ್ನು ಅಕ್ಕ ಹೇಳಿದ್ದು. ಇಸವಿ, ಅಂಕಿ-ಸಂಖ್ಯೆಗಳನ್ನು ವಿಜ್ಞಾನದ ಮೇಷ್ಟ್ರು ನೋಡಿ ತಿದ್ದಿಕೊಟ್ಟಿದ್ದಾರೆ.

ಅಕ್ಕನ ಕೋರ್ಸು

ನಮ್ಮಕ್ಕ ಪಕ್ಕದ ಊರಿನ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಆಕೆ ಹೋದ ವರ್ಷ ಶಿಕ್ಷಕರಿಗಾಗಿ ಇದ್ದ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದಳು. ವಿಷಯ ‘ಸೃಜನಶೀಲ ಕಲಿಕೆ’. ಅಂದರೆ ಬಾಯಿಪಾಠ ಮಾಡಿ ಒಪ್ಪಿಸುವುದರ ಬದಲು ಏನಾದರೂ ಮಾಡುತ್ತಾ, ಕೆಡಿಸುತ್ತಾ, ಮತ್ತೆ ಕಟ್ಟುತ್ತಾ ಕಲಿಯುವುದು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಅಣ್ಣಂದಿರು ಅಕ್ಕಂದಿರು ಫೋನಿನಲ್ಲಿ ಪಾಠ ಕೇಳುತ್ತಿದ್ದದ್ದು ನಿಮಗೆ ನೆನಪಿರಬಹುದು. ಇದು ಅದಕ್ಕಿಂತ ಬೇರೆ. ಇದರಲ್ಲಿ ಸುಮ್ಮನೆ ಕೇಳಿಸಿಕೊಂಡರೆ ಸಾಲದು. ವಾರಕ್ಕೊಂದು ಕೆಲಸ ಮಾಡಬೇಕು, ಅದರ ಫೋಟೋ ತೆಗೆದು ಹಾಕಬೇಕು, ಬೇರೆಯವರು ಹಾಕಿದ್ದನ್ನು ನೋಡಿ ಎರಡು ಮಾತು ಬರೆಯಬೇಕು. ಸೇರಿದವರು ಒಬ್ಬೊಬ್ಬರು ಒಂದೊಂದು ಊರಿನವರು. ಯಾರೂ ಯಾರ ಮುಖವನ್ನೂ ನೋಡಿದವರಲ್ಲ.

ಮೊದಲ ವಾರದ ಕೆಲಸ ಇಷ್ಟೇ: ಚಿಕ್ಕಂದಿನಲ್ಲಿ ನಿಮಗೆ ಬಲು ಪ್ರೀತಿಯಾಗಿದ್ದ ಒಂದು ವಸ್ತುವಿನ ಬಗ್ಗೆ ಬರೆಯಿರಿ. ಅಕ್ಕ ನಮ್ಮಜ್ಜಿಯ ಬೀಸುವ ಕಲ್ಲಿನ ಬಗ್ಗೆ ಬರೆದಳು. ಎರಡು ರಾತ್ರಿ ಕೂತು ಬರೆದಳು. ಕಲ್ಲಿನ ಫೋಟೋ ಹಾಕಿದಳು. ಮೊದಲು ಕನ್ನಡದಲ್ಲಿ, ಅದರ ಕೆಳಗೆ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ.

ಒಂದು ದಿನ ಆಯಿತು, ಎರಡು ದಿನ ಆಯಿತು. ರೊಟ್ಟಿ ತಟ್ಟುತ್ತಾ ಮಧ್ಯೆ ಮಧ್ಯೆ ಫೋನ್ ನೋಡುವಳು. ಬೇರೆಯವರ ಬರಹದ ಕೆಳಗೆ ಹತ್ತು ಹನ್ನೆರಡು ಮಾತು ಇದ್ದವು. ಇವಳದರ ಕೆಳಗೆ ಏನೂ ಇಲ್ಲ. ಮೂರನೇ ವಾರಕ್ಕೆ ಬಿಟ್ಟೇಬಿಟ್ಟಳು. “ಯಾಕಕ್ಕ?” ಅಂದರೆ, “ಟೈಮ್ ಇಲ್ಲ ಕಣೇ, ಕೊಟ್ಟಿಗೆ ಕೆಲಸ ಯಾರು ಮಾಡ್ತಾರೆ” ಅಂದಳು. ಕೊಟ್ಟಿಗೆ ಕೆಲಸ ಮೊದಲೂ ಇತ್ತಲ್ಲ ಅಂತ ನಾನು ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

ಈ ಪದ್ಧತಿ ಎಲ್ಲಿಂದ ಬಂತು?

ಬಾಲ್ಯದ ವಸ್ತುವಿನ ಬಗ್ಗೆ ಬರೆಸುವುದಕ್ಕೆ ಒಂದು ಹಿನ್ನೆಲೆ ಇದೆ. 1928ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಸೆಮೋರ್ ಪ್ಯಾಪರ್ಟ್ ಎಂಬುವರು ಹುಟ್ಟಿದರು. ಮುಂದೆ ಗಣಿತಜ್ಞರಾಗಿ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿರುವ ಎಂಐಟಿ ಎಂಬ ದೊಡ್ಡ ವಿದ್ಯಾಸಂಸ್ಥೆ ಸೇರಿದರು. 1967ರಲ್ಲಿ ಜೊತೆಗಾರರೊಂದಿಗೆ ಸೇರಿ ಮಕ್ಕಳಿಗಾಗಿ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆ ಮಾಡಿದವರು ಇವರೇ. ಇವರು 1980ರಲ್ಲಿ ಬರೆದ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ಮುನ್ನುಡಿಯಲ್ಲಿ ತಮ್ಮ ಬಾಲ್ಯದ ಹಲ್ಲುಚಕ್ರಗಳ ಕಥೆ ಹೇಳಿದ್ದಾರೆ. ಎರಡು ವರ್ಷ ತುಂಬುವ ಮೊದಲೇ ಅವರಿಗೆ ಕಾರಿನ ಭಾಗಗಳೆಂದರೆ ಹುಚ್ಚು ಪ್ರೀತಿಯಂತೆ. ಗೇರು ಬಾಕ್ಸ್, ಡಿಫರೆನ್ಷಿಯಲ್ ಎಂದೆಲ್ಲ ಹೆಸರು ಹೇಳುತ್ತಿದ್ದರಂತೆ. ಮುಂದೆ ಶಾಲೆಯಲ್ಲಿ ಮಗ್ಗಿ ಕಲಿಸಿದಾಗ ತಲೆಯೊಳಗೆ ಹಲ್ಲುಚಕ್ರ ತಿರುಗಿಸಿಕೊಂಡು ಅರ್ಥ ಮಾಡಿಕೊಂಡರು. ಎಕ್ಸ್ ಮತ್ತು ವೈ ಎರಡೂ ಇರುವ ಸಮೀಕರಣ ಬಂದಾಗ ಡಿಫರೆನ್ಷಿಯಲ್ ನೆನಪಾಯಿತು. (ನಮಗೂ ಈ ವರ್ಷ ಆ ಸಮೀಕರಣ ಇದೆ. ನನಗೆ ನೆನಪಾಗುವುದು ಬೆತ್ತ ಮಾತ್ರ.)

ಇಲ್ಲಿ ಒಂದು ಸೂಕ್ಷ್ಮ ಇದೆ. ಹಾಗಾದರೆ ಎಲ್ಲ ಮಕ್ಕಳಿಗೂ ಹಲ್ಲುಚಕ್ರ ಹಂಚಿಬಿಟ್ಟರೆ ಎಲ್ಲರಿಗೂ ಗಣಿತ ಬರುತ್ತದೆಯೇ? ಇಲ್ಲ ಅಂತಾರೆ ಪ್ಯಾಪರ್ಟ್. ತನಗೆ ಹಲ್ಲುಚಕ್ರ ಒಲಿದಿತ್ತು, ಅದರ ಮೇಲೆ ಪ್ರೀತಿ ಹುಟ್ಟಿತ್ತು. ಇನ್ನೊಬ್ಬರಿಗೆ ಒಲಿಯುವುದು ಬೇರೆಯೇ ಇರಬಹುದು. ಅದಕ್ಕೇ ಇಂಥ ಕೋರ್ಸುಗಳಲ್ಲಿ ಮೊದಲು ಕೇಳುವುದು ‘ನಿಮಗೆ ಏನು ಒಲಿದಿತ್ತು?’ ಎಂದು.

ಪ್ಯಾಪರ್ಟ್ ಅವರ ದಾರಿಯಲ್ಲೇ ನಡೆದವರು ಎಂಐಟಿಯ ಮಿಚೆಲ್ ರೆಸ್ನಿಕ್. 2007ರಲ್ಲಿ ಇವರ ತಂಡ ಮಕ್ಕಳಿಗಾಗಿ ‘ಸ್ಕ್ರಾಚ್’ ಹೊರತಂದಿತು. ಬಣ್ಣದ ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿ ಕಂಪ್ಯೂಟರಿನಲ್ಲಿ ಕಥೆ, ಆಟ ಮಾಡುವ ಸಾಧನ ಅದು. ಇದೇ ತಂಡ 2013ರಲ್ಲಿ ‘ಲರ್ನಿಂಗ್ ಕ್ರಿಯೇಟಿವ್ ಲರ್ನಿಂಗ್’ ಎಂಬ ಕೋರ್ಸನ್ನು ಆನ್‌ಲೈನಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಬೇರೆ ಬೇರೆ ದೇಶಗಳಿಂದ ಸಾವಿರಾರು ಜನ ಸೇರಿದರು. ರೆಸ್ನಿಕ್ ಅವರು ಕಲಿಕೆಗೆ ನಾಲ್ಕು ಬೇಕು ಎನ್ನುತ್ತಾರೆ: ಕೈಯಲ್ಲೊಂದು ಕೆಲಸ, ಅದರ ಮೇಲೆ ಮನಸ್ಸು, ಜೊತೆಗಾರರು, ಮತ್ತು ಆಟ. ಚಿಕ್ಕ ಮಕ್ಕಳ ಶಿಶುವಿಹಾರದಲ್ಲಿ ಈ ನಾಲ್ಕೂ ಇರುತ್ತವೆ, ಮುಂದಿನ ತರಗತಿಗೆ ಹೋದಂತೆ ಒಂದೊಂದೇ ಕಳಚಿಕೊಳ್ಳುತ್ತವೆ ಎಂಬುದು ಅವರ ದೂರು. ಅಂಗನವಾಡಿಯಲ್ಲಿ ನಾವು ಮಣ್ಣಿನ ಲಡ್ಡು ಮಾಡಿ ಒಬ್ಬರಿಗೊಬ್ಬರು ಮಾರುತ್ತಿದ್ದದ್ದನ್ನು ನೆನೆಸಿಕೊಳ್ಳಿ.

ಈ ನಾಲ್ಕರಲ್ಲಿ ಮೂರನೆಯದೇ ನಮ್ಮ ಇವತ್ತಿನ ಪಾಠ. ಕೈಕೆಲಸವನ್ನು ಒಬ್ಬರೇ ಮಾಡಬಹುದು. ಜೊತೆಗಾರರನ್ನು ಒಬ್ಬರೇ ಮಾಡಿಕೊಳ್ಳಲು ಆಗುವುದಿಲ್ಲ.

ಜನ ಯಾಕೆ ಬಿಟ್ಟುಹೋಗುತ್ತಾರೆ?

ಅಕ್ಕ ಒಬ್ಬಳೇ ಅಲ್ಲ. 2012ರಲ್ಲಿ ಇದೇ ಎಂಐಟಿ ವಿದ್ಯುತ್ ಸರ್ಕಿಟ್‌ಗಳ ಬಗ್ಗೆ ಒಂದು ಕೋರ್ಸನ್ನು ಆನ್‌ಲೈನಿನಲ್ಲಿ ಉಚಿತವಾಗಿ ನಡೆಸಿತು. ಅದನ್ನು ನಡೆಸಿದವರಲ್ಲಿ ಮುಖ್ಯರು ಅನಂತ್ ಅಗರ್ವಾಲ್. ಅವರು ಬೆಳೆದದ್ದು ನಮ್ಮ ಮಂಗಳೂರಿನಲ್ಲಿ. ಹೆಸರು ಬರೆಸಿದವರು 1,54,763 ಜನ. ಕೊನೆಗೆ ಪಾಸಾದವರು 7,157. ನೂರಕ್ಕೆ ಐದು ಜನವೂ ಇಲ್ಲ! ಹೆಸರು ಬರೆಸಿದವರಲ್ಲಿ ಸುಮ್ಮನೆ ಇಣುಕಿ ನೋಡಲು ಬಂದವರೂ ಬಹಳ ಇದ್ದರು, ಅವರನ್ನೆಲ್ಲ ‘ಫೇಲ್’ ಅನ್ನುವುದು ನ್ಯಾಯವಲ್ಲ. ಆದರೂ ಮನಸ್ಸಿಟ್ಟು ಸೇರಿ ನಡುವೆ ಬಿಟ್ಟವರು ಅದರಲ್ಲಿ ಇಲ್ಲದೇ ಇರುತ್ತಾರೆಯೇ?

ಅದೇ ಕೋರ್ಸಿನಲ್ಲಿ ಪೂರ್ತಿ ಅಂಕ ತೆಗೆದ 340 ಜನರಲ್ಲಿ ಮಂಗೋಲಿಯಾ ದೇಶದ ಉಲಾನ್‌ಬಾತರ್ ನಗರದ ಬತ್ತುಷಿಗ್ ಎಂಬ 15 ವರ್ಷದ ಹುಡುಗನೂ ಒಬ್ಬ. ಅವನನ್ನು ಮಹಾ ಬುದ್ಧಿವಂತ ಅಂತ ಪತ್ರಿಕೆಗಳು ಹೊಗಳಿದವು. ಬುದ್ಧಿವಂತ ಹೌದು. ಆದರೆ ಅವನು ಒಂಟಿಯಾಗಿ ಕೂತು ಕಲಿತವನಲ್ಲ. ಎಂಐಟಿಯಲ್ಲಿ ಓದಿ ಬಂದಿದ್ದ ಅವನ ಮುಖ್ಯೋಪಾಧ್ಯಾಯರು ಒಂದು ಗುಂಪು ಮಕ್ಕಳನ್ನು ಸೇರಿಸಿಕೊಂಡು ಆ ಕೋರ್ಸು ಮಾಡಿಸಿದರು. ಅವರಿಗೆ ಪರಿಚಯದವರೊಬ್ಬರು ಅಮೆರಿಕದಿಂದ ಸಲಕರಣೆಗಳನ್ನು ತಂದು ಮಕ್ಕಳ ಜೊತೆ ಕೂತು ಪ್ರಯೋಗ ಮಾಡಿಸಿದರು. ಬತ್ತುಷಿಗ್ ತಾನು ಕಲಿತದ್ದನ್ನು ಗೆಳೆಯರಿಗಾಗಿ ಮಂಗೋಲಿಯಾ ಭಾಷೆಯಲ್ಲಿ ವಿವರಿಸಿ ವಿಡಿಯೋ ಮಾಡಿ ಹಾಕಿದ. ಮನೆ ಮುಂದೆ ಆಡುವ ತಂಗಿಗೆ ಕಾರು ಹೊರಗೆ ಬರುವುದು ಗೊತ್ತಾಗಲಿ ಅಂತ ಶೆಡ್ಡಿಗೆ ಒಂದು ಸೈರನ್ನನ್ನೂ ಮಾಡಿದ. ನನಗೆ ಅವನ ಪೂರ್ತಿ ಅಂಕಕ್ಕಿಂತ ಆ ಸೈರನ್ನೇ ಹೆಚ್ಚು ಹಿಡಿಸಿತು.

ಸರ್ಕಿಟ್ ಕೋರ್ಸಿನಲ್ಲಿ ಉತ್ತರ ಸರಿಯೋ ತಪ್ಪೋ ಎಂದು ಕಂಪ್ಯೂಟರೇ ಹೇಳಿಬಿಡುತ್ತದೆ. ಆದರೆ ಸೃಜನಶೀಲ ಕಲಿಕೆಯ ಕೋರ್ಸಿನಲ್ಲಿ ಹಾಗಲ್ಲ. ಅಜ್ಜಿಯ ಬೀಸುವ ಕಲ್ಲಿನ ಬರಹ ಸರಿಯೋ ತಪ್ಪೋ? ಯಾವ ಯಂತ್ರ ಹೇಳೀತು? ಅದನ್ನು ಇನ್ನೊಬ್ಬ ಮನುಷ್ಯ ಓದಬೇಕು, ಓದಿದೆ ಅಂತ ತಿಳಿಸಬೇಕು. ತಿಳಿಸದೇ ಹೋದರೆ ಬರೆದವರಿಗೆ ತಮ್ಮ ಬರಹ ಕೆಟ್ಟದಾಗಿದೆ ಅಂತಲೇ ಅನ್ನಿಸುತ್ತದೆ. ನಿಜವಾಗಿ ಏನಾಗಿರುತ್ತದೆ ಎಂದರೆ ಓದುವವರಿಗೂ ಏನು ಬರೆಯಬೇಕೋ ತೋಚಿರುವುದಿಲ್ಲ. ಸಂತೆಯಲ್ಲಿ ಯಾರೂ ಮಾತಾಡಿಸದಿದ್ದರೆ ‘ಎಲ್ಲರೂ ನನ್ನ ಮೇಲೆ ಸಿಟ್ಟಾಗಿದ್ದಾರೆ’ ಅಂದುಕೊಂಡ ಹಾಗೆ.

ಹೊಗಳಿದರೆ ಸಾಕೆ?

ಹಾಗಾದರೆ ಎಲ್ಲರ ಬರಹದ ಕೆಳಗೂ ‘ಸೂಪರ್’, ‘ಚೆನ್ನಾಗಿದೆ’ ಎಂದು ಬರೆದುಬಿಟ್ಟರೆ ಆಯಿತಲ್ಲ ಅಂತ ನಾನು ಕೇಳಿದೆ. ಅದಕ್ಕೆ ಅಕ್ಕ ಎರಡು ಸಂಗತಿ ಹೇಳಿದಳು.

ಮೊದಲನೆಯದು ಕಾಳಿಕುಪ್ಪಂ ಎಂಬ ತಮಿಳು ಹಳ್ಳಿಯದು. ಸುಗತ ಮಿತ್ರ ಎಂಬ ವಿಜ್ಞಾನಿ 1999ರಲ್ಲಿ ದೆಹಲಿಯ ಒಂದು ಕೊಳಗೇರಿಯ ಗೋಡೆಗೆ ಕಂಡಿ ಕೊರೆದು ಕಂಪ್ಯೂಟರ್ ಇಟ್ಟು ಹೆಸರಾದವರು. ಅವರು ಮುಂದೆ ಈ ಕಾಳಿಕುಪ್ಪಂನಲ್ಲಿ ಕಂಪ್ಯೂಟರಿಟ್ಟು, ಡಿಎನ್‌ಎ ಬಗ್ಗೆ ಇಂಗ್ಲಿಷಿನಲ್ಲಿದ್ದ ಪಾಠಗಳನ್ನು ತುಂಬಿ, ಮಕ್ಕಳಿಗೆ “ನೋಡಿಕೊಳ್ಳಿ” ಎಂದು ಬಿಟ್ಟುಹೋದರು. ಮಕ್ಕಳಿಗೆ ಇಂಗ್ಲಿಷ್ ಬಾರದು, ಮೇಷ್ಟ್ರೂ ಇಲ್ಲ. ಮೊದಲು ಪರೀಕ್ಷೆ ಮಾಡಿದಾಗ ಸೊನ್ನೆ ಇತ್ತು. ಎರಡು ತಿಂಗಳ ನಂತರ ನೂರಕ್ಕೆ ಸುಮಾರು 30 ಬಂತು. ಸಾಲದು ಅನ್ನಿಸಿ ಅವರು ಆ ಊರಲ್ಲೇ ಮಕ್ಕಳಿಗೆ ಬೇಕಾದವಳಾಗಿದ್ದ 22 ವರ್ಷದ ಒಬ್ಬ ಯುವತಿಯನ್ನು ಸಹಾಯ ಕೇಳಿದರು. ಆಕೆಗೂ ಆ ವಿಜ್ಞಾನ ಗೊತ್ತಿಲ್ಲ. ಗೊತ್ತಿರಬೇಕಾಗಿಲ್ಲ, ಅಜ್ಜಿಯ ಹಾಗೆ ಮಕ್ಕಳ ಹಿಂದೆ ನಿಂತುಕೋ, ಅದೇನು ಇದೇನು ಅಂತ ಕೇಳು, ಭೇಷ್ ಅನ್ನು ಎಂದರಂತೆ. ಮತ್ತೆ ಎರಡು ತಿಂಗಳಿಗೆ ಅಂಕ 50ಕ್ಕೆ ಏರಿತು. 2010ರಲ್ಲಿ ಇದರ ವರದಿ ಪ್ರಕಟವಾಯಿತು. ಮಿತ್ರ ಅವರ ಪ್ರಯೋಗಗಳನ್ನು ಅಷ್ಟು ದೊಡ್ಡದು ಮಾಡಬೇಡಿ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಒಂದು ಹಳ್ಳಿಯ ಕೆಲವೇ ಮಕ್ಕಳಿಂದ ಇಡೀ ಲೋಕಕ್ಕೆ ಲೆಕ್ಕ ಹಾಕುವುದು ಸರಿಯೇ ಎಂದು ನಮ್ಮ ಮೇಷ್ಟ್ರೂ ಕೇಳಿದರು. ಅದು ಬೇಕಾದ ಪ್ರಶ್ನೆಯೇ. ಆದರೆ ಹಿಂದೆ ಒಬ್ಬರು ನಿಂತಿದ್ದಾರೆ ಅಂದರೆ ಕೈ ಚುರುಕಾಗುತ್ತದೆ ಎಂಬುದನ್ನು ರಂಗೋಲಿ ಬಿಟ್ಟ ಯಾರು ಬೇಕಾದರೂ ಹೇಳುತ್ತಾರೆ.

ಗಮನಿಸಬೇಕಾದ್ದು ಏನೆಂದರೆ, ಆ ಯುವತಿ ಬರೀ ಹೊಗಳಲಿಲ್ಲ. ‘ಅದು ಹೇಗೆ ಮಾಡಿದಿರಿ?’ ಎಂದು ಕೇಳಿದಳು. ಕೇಳಿದಾಗ ಮಕ್ಕಳು ಹೇಳಬೇಕಾಯಿತು. ಹೇಳಬೇಕಾದರೆ ತಮಗೆ ಅರ್ಥವಾಗಿರಬೇಕು.

ಎರಡನೆಯದು ಅಮೆರಿಕದ ಐಡಾಹೊ ರಾಜ್ಯದ ಬೋಯ್ಸಿ ಎಂಬ ಊರಿನದು. ಒಂದನೇ ತರಗತಿಯ ಆಸ್ಟಿನ್ ಎಂಬ ಹುಡುಗ ಫೋಟೋ ನೋಡಿಕೊಂಡು ಒಂದು ಚಿಟ್ಟೆಯ ಚಿತ್ರ ಬರೆಯಬೇಕಿತ್ತು. ಬರೆದ. ನಾವೆಲ್ಲ ಚಿಕ್ಕಂದಿನಲ್ಲಿ ಬರೆಯುವ ಚಿಟ್ಟೆ ಹಾಗೇ ಇತ್ತು: ದುಂಡಗಿನ ರೆಕ್ಕೆ, ಎರಡು ಮೀಸೆ. ನಮ್ಮಲ್ಲಾದರೆ ಅದಕ್ಕೊಂದು ‘ಗುಡ್’ ಹಾಕಿ ಮುಗಿಸುತ್ತಿದ್ದರು. ಅಲ್ಲಿ ಹಾಗೆ ಮಾಡಲಿಲ್ಲ. ಅವನ ತರಗತಿಯ ಮಕ್ಕಳೇ ಕೂತು ಫೋಟೋವನ್ನೂ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮೊದಲು ಆಕಾರದ ಬಗ್ಗೆ ಮಾತ್ರ ಹೇಳಿದರು. ಅವನು ಮತ್ತೆ ಬರೆದ. ಆಮೇಲೆ ರೆಕ್ಕೆಯ ಪಟ್ಟೆಗಳ ಬಗ್ಗೆ ಹೇಳಿದರು. ಮತ್ತೆ ಬರೆದ. ಹೀಗೆ ಆರು ಸಲ. ಆರನೆಯದನ್ನು ನೋಡಿದರೆ ಜೀವಶಾಸ್ತ್ರದ ಪುಸ್ತಕದಿಂದ ಕತ್ತರಿಸಿದ ಹಾಗಿದೆ. ಅಕ್ಕ ಫೋನಿನಲ್ಲಿ ತೋರಿಸಿದಾಗ ನಾನು ನಂಬಲಿಲ್ಲ. ರಾನ್ ಬರ್ಗರ್ ಎಂಬ ಶಿಕ್ಷಕರು ಈ ಆರು ಚಿತ್ರಗಳನ್ನು ಎಲ್ಲೆಲ್ಲೂ ತೋರಿಸಿ ಪ್ರಸಿದ್ಧ ಮಾಡಿದರು. ಇನ್ನೊಬ್ಬರ ಕೆಲಸ ನೋಡಿ ಮಾತಾಡುವಾಗ ಅವರು ಮೂರು ನಿಯಮ ಇಟ್ಟಿದ್ದಾರೆ: ಮಾತು ಮೃದುವಾಗಿರಲಿ, ನಿಖರವಾಗಿರಲಿ, ಕೇಳಿದವರ ಉಪಯೋಗಕ್ಕೆ ಬರಲಿ. ‘ಸೂಪರ್’ ಎನ್ನುವುದು ಮೃದು, ಆದರೆ ಅದರಿಂದ ಏನು ಮಾಡಲೂ ಆಗುವುದಿಲ್ಲ. ‘ಸರಿಯಿಲ್ಲ’ ಎನ್ನುವುದು ಮೃದುವೂ ಅಲ್ಲ, ಉಪಯೋಗವೂ ಇಲ್ಲ.

ಬೀಸುವ ಕಲ್ಲಿಗೆ ಬಂದ ಪ್ರಶ್ನೆ

ಅಕ್ಕ ಬಿಟ್ಟು ಹತ್ತು ಹನ್ನೆರಡು ದಿನ ಆಗಿತ್ತು. ಒಂದು ಸಂಜೆ ಅವಳ ಬರಹದ ಕೆಳಗೆ ಒಂದೇ ಒಂದು ಮಾತು ಬಂತು. ಬರೆದವರು ಅಸ್ಸಾಮಿನ ಒಬ್ಬ ಮೇಡಂ. ಅವರು ‘ಸೂಪರ್’ ಎಂದಿರಲಿಲ್ಲ. “ಅದೇ ಕಲ್ಲಿನಲ್ಲಿ ರಾಗಿ ಹಿಟ್ಟೂ ಆಗುತ್ತದೆ, ಬೇಳೆಯೂ ಒಡೆಯುತ್ತದೆ ಎಂದು ಬರೆದಿದ್ದೀರಿ. ಹಿಟ್ಟು ನುಣ್ಣಗಿರಬೇಕು, ಬೇಳೆ ಪುಡಿಯಾಗಬಾರದು. ಎರಡಕ್ಕೂ ಕಲ್ಲುಗಳ ನಡುವಿನ ಸಂದು ಒಂದೇನಾ?” ಎಂದು ಕೇಳಿದ್ದರು.

ಅಕ್ಕನಿಗೆ ಗೊತ್ತಿರಲಿಲ್ಲ! ಹದಿನೈದು ವರ್ಷ ಆ ಕಲ್ಲಿನ ಪಕ್ಕದಲ್ಲೇ ಬೆಳೆದವಳಿಗೆ ಗೊತ್ತಿರಲಿಲ್ಲ. ಫೋನ್ ಹಿಡಿದುಕೊಂಡೇ ಹಿತ್ತಲಿಗೆ ಓಡಿದಳು. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು.

“ಅಜ್ಜೀ, ಬೇಳೆ ಒಡೆಯೋವಾಗ ಕಲ್ಲಿಗೆ ಏನಾದ್ರೂ ಮಾಡ್ತಿದ್ಯಾ?”

“ಮಾಡ್ದೆ ಮತ್ತೆ? ನಡುಗೂಟದ ಬುಡಕ್ಕೆ ಬಟ್ಟೆ ಸಿಂಬೆ ಸುತ್ತಿ ಇಡ್ತಿದ್ದೆ. ಮೇಲಿನ ಕಲ್ಲು ಒಂಚೂರು ಎದ್ದು ಕೂತ್ಕಳುತ್ತೆ. ಇಲ್ದಿದ್ರೆ ಬೇಳೆ ಎಲ್ಲಿರುತ್ತೆ, ಹಿಟ್ಟೇ.”

“ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?”

“ನೀನು ಯಾವತ್ತು ಕೇಳಿದ್ಯೇ ತಾಯಿ?”

ಆ ರಾತ್ರಿ ಕಲ್ಲನ್ನು ಅಟ್ಟದ ಕೆಳಗಿನಿಂದ ಹೊರಗೆ ತಂದೆವು. ನಾನು ಒಂದು ಕಡೆ, ಅಕ್ಕ ಒಂದು ಕಡೆ. ಸಿಂಬೆ ಇಲ್ಲದೆ ಒಂದು ಹಿಡಿ ಕಡಲೆ ಹಾಕಿ ಬೀಸಿದೆವು, ಸಿಂಬೆ ಇಟ್ಟು ಒಂದು ಹಿಡಿ ಹಾಕಿ ಬೀಸಿದೆವು. ಎರಡನ್ನೂ ಎರಡು ತಟ್ಟೆಯಲ್ಲಿ ಇಟ್ಟು ಅಕ್ಕ ಫೋಟೋ ತೆಗೆದು ಹಾಕಿದಳು. ಮರುದಿನ ತನ್ನ ಶಾಲೆಗೂ ಆ ಎರಡು ತಟ್ಟೆ ತೆಗೆದುಕೊಂಡು ಹೋದಳು. ಬಿಟ್ಟಿದ್ದ ಎರಡು ವಾರದ ಕೆಲಸವನ್ನು ಮೂರು ದಿನದಲ್ಲಿ ಮುಗಿಸಿದಳು. ಕೊಟ್ಟಿಗೆ ಕೆಲಸಕ್ಕೂ ಟೈಮ್ ಸಿಕ್ಕಿತು ಅನ್ನಿ.

ಅಲ್ಲಿಂದ ಅಕ್ಕ ಒಂದು ಅಭ್ಯಾಸ ಮಾಡಿಕೊಂಡಳು. ಕೋರ್ಸಿನ ಪುಟ ತೆರೆದ ಕೂಡಲೇ ಹೆಚ್ಚು ಮಾತು ಬಂದಿರುವ ಬರಹಗಳನ್ನು ಬಿಟ್ಟು, ಒಂದೂ ಬಂದಿರದ ಬರಹವನ್ನು ಹುಡುಕುವಳು. ಅದನ್ನು ಪೂರ್ತಿ ಓದುವಳು. ತನಗೆ ನಿಜವಾಗಿ ಗೊತ್ತಾಗದ ಒಂದು ವಿಷಯವನ್ನು ಹುಡುಕಿ ಅದನ್ನೇ ಕೇಳುವಳು. ಗೊತ್ತಿದ್ದೂ ಪರೀಕ್ಷೆ ಮಾಡುವ ಹಾಗೆ ಕೇಳಬಾರದು, ಅದು ಕೂಡಲೇ ಗೊತ್ತಾಗುತ್ತದೆ ಅನ್ನುತ್ತಾಳೆ.

ಇಷ್ಟು ಮಾಡಿದರೂ ಎಲ್ಲರೂ ಉಳಿಯಲಿಲ್ಲ. ಒಬ್ಬರಿಗೆ ಮಗು ಹುಟ್ಟಿತು, ಒಬ್ಬರ ಊರಲ್ಲಿ ನೆಟ್‌ವರ್ಕೇ ನಿಲ್ಲುತ್ತಿರಲಿಲ್ಲ, ಇನ್ನೊಬ್ಬರಿಗೆ ಚುನಾವಣೆ ಕೆಲಸ ಬಿತ್ತು. ಅಂಥವರಿಗೆ ‘ಯಾಕೆ ಬರಲಿಲ್ಲ, ಯಾಕೆ ಮಾಡಲಿಲ್ಲ’ ಎಂದು ದಿನವೂ ಬರೆದು ಕಾಡುವುದು ಪ್ರೋತ್ಸಾಹ ಅಲ್ಲ. ಅದು ಸಾಲ ವಸೂಲಿ. ಅಕ್ಕ ಅವರಿಗೆ ಬರೆದದ್ದು ಒಂದೇ ಸಾಲು: “ನಿಮ್ಮ ಬಿದಿರು ಪೀಪಿಯ ಫೋಟೋ ನಮ್ಮ ಮಕ್ಕಳಿಗೆ ತೋರಿಸಿದೆ, ಎರಡು ಮಕ್ಕಳು ಮಾಡಿದರು, ಒಂದು ಊದಿತು.” ಪೀಪಿಯವರು ಒಂದು ತಿಂಗಳಾದ ಮೇಲೆ ಬಂದು, “ಇನ್ನೊಂದು ಯಾಕೆ ಊದಲಿಲ್ಲ?” ಎಂದು ಕೇಳಿದರು.

ನಮ್ಮ ಗೋಡೆಯ ಮುಂದೆ ನಡೆದದ್ದು

ಈಗ ನನ್ನ ತಪ್ಪು. ಹೋದ ಸಂಚಿಕೆಯಲ್ಲಿ ಏಳನೇ ತರಗತಿಯ ಒಬ್ಬ ಹುಡುಗ ‘ಚಪ್ಪಲಿ ಚಕ್ರದ ಗಾಡಿ ಮಾಡುವ ವಿಧಾನ’ ಎಂದು ಅರ್ಧ ಹಾಳೆ ಬರೆದು ಚಿತ್ರ ಹಾಕಿದ್ದ. ಹಳೇ ಹವಾಯಿ ಚಪ್ಪಲಿಯನ್ನು ದುಂಡಗೆ ಕೊಯ್ದು ಚಕ್ರ ಮಾಡುತ್ತೇವಲ್ಲ, ಅದೇ ಗಾಡಿ. ನಾನು ಅದರ ಕೆಳಗೆ ಪೆನ್ಸಿಲಿನಲ್ಲಿ ‘ಕಾಗುಣಿತ ತಪ್ಪು 11’ ಎಂದು ಬರೆದೆ. ಬರೆದು ಗೆಳತಿಯರಿಗೆ ತೋರಿಸಿ ನಕ್ಕೆ. ಲೆಕ್ಕ ಸರಿಯಾಗಿತ್ತು, ಹನ್ನೊಂದೇ ಇತ್ತು. ಈ ಸಂಚಿಕೆಗೆ ಲೇಖನ ಕೇಳಲು ಹೋದಾಗ ಅವನು, “ನಂಗೆ ಬರಿಯಕ್ಕೆ ಬರಲ್ಲ” ಅಂದ. ಅವತ್ತು ಮನೆಗೆ ಹೋಗುವಾಗ ನನಗೆ ಅಕ್ಕ ರೊಟ್ಟಿ ತಟ್ಟುತ್ತಾ ಫೋನ್ ನೋಡುತ್ತಿದ್ದದ್ದು ನೆನಪಾಯಿತು. ಅಕ್ಕನ ಬರಹಕ್ಕೆ ಏನೂ ಬರಲಿಲ್ಲ. ಇವನ ಬರಹಕ್ಕೆ ಬಂದದ್ದು ನನ್ನ ಮಾತೊಂದೇ.

ಮರುದಿನ ಅವನ ಹಳೇ ಹಾಳೆಯನ್ನು ತೆಗೆದುಕೊಂಡು ಮೊದಲಿನಿಂದ ಓದಿದೆ. ಮೊದಲ ಸಲ ನಾನು ಬರೀ ಅಕ್ಷರ ನೋಡಿದ್ದೆ. ಚಿತ್ರದಲ್ಲಿ ಚಕ್ರದ ತೂತು ಕಡ್ಡಿಗಿಂತ ದೊಡ್ಡದಾಗಿತ್ತು. ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಹೋಗಿ, “ಚಕ್ರ ಯಾಕೋ ಸಡಿಲ ಬಿಟ್ಟಿದೀಯ? ಬಿಗಿಯಾಗಿ ಇದ್ರೆ ಒಳ್ಳೇದಲ್ವಾ?” ಎಂದು ಕೇಳಿದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ನನ್ನ ಮುಖ ನೋಡಿದ, ತಮಾಷೆ ಮಾಡ್ತಿದಾಳೋ ಏನೋ ಅಂತ. ಆಮೇಲೆ ಹೇಳಿದ: “ಮೊದ್ಲು ಬಿಗಿಯಾಗೇ ಮಾಡಿದ್ದೆ ಅಕ್ಕ. ಕಡ್ಡಿನೂ ಎರಡು ಚಕ್ರನೂ ಒಟ್ಟಿಗೇ ತಿರುಗ್ತಿದ್ವು. ನೆಟ್ಟಗೆ ಚೆನ್ನಾಗೇ ಹೋಗುತ್ತೆ. ತಿರುವಲ್ಲಿ ಒಂದು ಚಕ್ರ ತರಚ್ಕೊಂಡು ಹೋಗುತ್ತೆ, ಮಣ್ಣಲ್ಲಿ ಗೆರೆ ಬೀಳುತ್ತೆ. ಅದ್ಕೆ ಕಡ್ಡಿನ ಹಲಗೆಗೆ ಬಿಗಿದು ಕಟ್ಟಿ ಚಕ್ರ ಸಡಿಲ ಬಿಟ್ಟೆ. ಬಿದ್ದೋಗ್ದೇ ಇರ್ಲಿ ಅಂತ ತುದಿಗೆ ಜಾಲಿ ಮುಳ್ಳು ಚುಚ್ಚಿದೀನಿ, ಗಾಡಿ ಕಡಾಣಿ ಥರ.”

ನಾನು ಇದನ್ನು ಹೋಗಿ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ಬೋರ್ಡಿನ ಮೇಲೆ ಎರಡು ಅರ್ಧ ವೃತ್ತ ಬರೆದರು. ಗಾಡಿ ಅರ್ಧ ಸುತ್ತು ತಿರುಗುವಾಗ ಹೊರಗಿನ ಚಕ್ರ ದೊಡ್ಡ ಅರ್ಧ ವೃತ್ತದಲ್ಲಿ ಓಡಬೇಕು, ಒಳಗಿನದು ಚಿಕ್ಕದರಲ್ಲಿ. ಎರಡು ಚಕ್ರಗಳ ನಡುವೆ 10 ಸೆಂ.ಮೀ. ಅಂತರವಿದ್ದರೆ ಹೊರಗಿನದು ಸುಮಾರು 31 ಸೆಂ.ಮೀ. ಹೆಚ್ಚು ಓಡಬೇಕಾಗುತ್ತದೆ. ತಿರುವು ಚಿಕ್ಕದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಅಷ್ಟೇ. (10ನ್ನು ಪೈ ಬೆಲೆಯಾದ 3.14ರಿಂದ ಗುಣಿಸಿ ನೋಡಿ.) ಚಕ್ರಗಳು ಒಂದೇ ಕಡ್ಡಿಗೆ ಬಿಗಿಯಾಗಿದ್ದರೆ ಎರಡೂ ಒಂದೇ ಸಮ ತಿರುಗುತ್ತವೆ, ಆಗ ಯಾವುದಾದರೂ ಒಂದು ಜಾರಲೇಬೇಕು. ನಮ್ಮ ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ, ಅದರ ಮೇಲೆ ಚಕ್ರಗಳು ಬೇರೆ ಬೇರೆಯಾಗಿ ತಿರುಗುತ್ತವೆ. ಹಾಗಾಗಿ ತೊಂದರೆಯಿಲ್ಲ. ಆದರೆ ಕಾರು, ಟ್ರ್ಯಾಕ್ಟರುಗಳಲ್ಲಿ ಎಂಜಿನ್ನೇ ಚಕ್ರವನ್ನು ತಿರುಗಿಸಬೇಕು, ಸಡಿಲ ಬಿಡುವಂತಿಲ್ಲ. ಅಲ್ಲಿ ಎರಡು ಚಕ್ರಕ್ಕೂ ತಿರುಗುವಿಕೆಯನ್ನು ಬೇಕಾದಷ್ಟು ಹಂಚಿಕೊಡಲು ನಡುವೆ ಒಂದು ಹಲ್ಲುಚಕ್ರಗಳ ಗೂಡು ಇರುತ್ತದೆ. ಅದೇ ಡಿಫರೆನ್ಷಿಯಲ್!

ಅಂದರೆ ಪುಟ್ಟ ಪ್ಯಾಪರ್ಟ್ ಮನಸೋತ ವಸ್ತು ಯಾವ ತೊಂದರೆಗೆ ಪರಿಹಾರವೋ, ಅದೇ ತೊಂದರೆಯನ್ನು ನಮ್ಮ ಹುಡುಗ ಶಾಲೆ ಹಿಂದಿನ ಮಣ್ಣಲ್ಲಿ ಗೆರೆ ನೋಡಿ ಕಂಡುಹಿಡಿದು, ಜಾಲಿ ಮುಳ್ಳಿನಿಂದ ಬಗೆಹರಿಸಿದ್ದ. ನಾನು ಅದಕ್ಕೆ ಹನ್ನೊಂದು ತಪ್ಪು ಎಂದು ಬರೆದಿದ್ದೆ.

ಕಾಗುಣಿತ ನೋಡಬಾರದು ಅಂತ ನಾನು ಹೇಳುತ್ತಿಲ್ಲ. ಕನ್ನಡ ಮೇಡಂ ಓದುತ್ತಾರೆ, ಅವರಿಗೆ ಬೇಜಾರಾಗಬಾರದು! ಆಸ್ಟಿನ್‌ನ ಚಿಟ್ಟೆಗೆ ಒಂದು ಸಲ ಆಕಾರ, ಒಂದು ಸಲ ಪಟ್ಟೆ ನೋಡಿದ ಹಾಗೆ ಇದಕ್ಕೂ ಒಂದು ಸರದಿ ಇರಬಹುದು. ಮೊದಲು ಗಾಡಿ ಓಡುವುದನ್ನು ನೋಡೋಣ, ಆಮೇಲೆ ಕಾಗುಣಿತ. ಅವನ ಹನ್ನೊಂದನ್ನೂ ನಾನು ಅವನ ಜೊತೆ ಕೂತು ತಿದ್ದಿದ್ದೇನೆ. ತಿದ್ದುವಾಗ ನನ್ನ ಹುಣಸೆ ಮರದ ಲೇಖನದಲ್ಲಿ ಅವನು ಎರಡು ತಪ್ಪು ತೋರಿಸಿದ.

ಮಾಡಿ ನೋಡಿ

ಈ ಸಲ ಗೋಡೆ ಪತ್ರಿಕೆಯ ಬಲಗಡೆ ಒಂದು ಹಾಳೆಯನ್ನು ಖಾಲಿ ಬಿಟ್ಟಿದ್ದೇವೆ. ಪಕ್ಕದಲ್ಲಿ ದಾರಕ್ಕೆ ಪೆನ್ಸಿಲ್ ಕಟ್ಟಿದೆ (ದಯವಿಟ್ಟು ಬಿಚ್ಚಿಕೊಂಡು ಹೋಗಬೇಡಿ, ಹೋದ ತಿಂಗಳು ಎರಡು ಹೋದವು). ಇಲ್ಲಿರುವ ಯಾವುದಾದರೂ ಒಂದು ಲೇಖನವನ್ನು, ಅದರಲ್ಲೂ ಯಾರೂ ಓದದೆ ಮೂಲೆಯಲ್ಲಿ ಇರುವುದನ್ನು, ಪೂರ್ತಿ ಓದಿ. ನಿಮಗೆ ಗೊತ್ತಾಗದ ಒಂದು ವಿಷಯವನ್ನು ಪ್ರಶ್ನೆ ಮಾಡಿ ಆ ಹಾಳೆಯಲ್ಲಿ ಬರೆಯಿರಿ. ಕೆಳಗೆ ನಿಮ್ಮ ತರಗತಿ ಬರೆಯಿರಿ, ಲೇಖನ ಬರೆದವರು ನಿಮ್ಮನ್ನು ಹುಡುಕಿಕೊಂಡು ಬಂದು ಉತ್ತರ ಹೇಳುತ್ತಾರೆ. ಗುರುಗಳೂ ಬರೆಯಬಹುದು. ‘ಸೂಪರ್’ ಎಂದು ಬರೆದವರಿಗೆ ಯಾರೂ ಉತ್ತರ ಹೇಳುವುದಿಲ್ಲ.

ಚಪ್ಪಲಿ ಗಾಡಿಯವನು ಮುಂದಿನ ಸಂಚಿಕೆಗೆ ಎರಡನೇ ಭಾಗ ಕೊಡುತ್ತೇನೆ ಅಂದಿದ್ದಾನೆ. ಚಕ್ರ ಬಿಚ್ಚಿ ಒಳಗಡೆ ತೋರಿಸುವ ಚಿತ್ರ ಬರೆಯಬೇಕಂತೆ, ಅದಕ್ಕೆ ದೊಡ್ಡ ಹಾಳೆ ಬೇಕಂತೆ. ಯಾರ ಮನೆಯಲ್ಲಾದರೂ ಹಳೇ ಕ್ಯಾಲೆಂಡರ್ ಇದ್ದರೆ, ಹಿಂದುಗಡೆ ಬಿಳಿ ಇರುವುದು, ಸೋಮವಾರದ ಒಳಗೆ ತಂದುಕೊಡಿ.

— 9ನೇ ತರಗತಿಯ ವಿದ್ಯಾರ್ಥಿನಿ